ಹತ್ತಲು ಆಗುತ್ತದೆ, ಇಳಿಯಲು ಆಗುವುದಿಲ್ಲ: ವಯಸ್ಸಾದವರ ಬೆನ್ನು ಮತ್ತು ಆಪರೇಷನ್ನಿನ ಲೆಕ್ಕ

ನಮ್ಮ ಮನೆಯಿಂದ ತೋಟಕ್ಕೆ ಐವತ್ತರವತ್ತು ಮೆಟ್ಟಿಲು. ಶಿರಸಿ ಸೀಮೆಯಲ್ಲಿ ಅಡಕೆ ತೋಟ ಇರುವುದು ಕಣಿವೆಯಲ್ಲಿ, ಮನೆ ಇರುವುದು ಮೇಲೆ ದಿಬ್ಬದಲ್ಲಿ. ಮೂರು ವರ್ಷದ ಹಿಂದೆ ಒಂದು ಸಂಜೆ ಆಯಿ, ಅಂದರೆ ನನ್ನ ಅಮ್ಮ, ಹೇಳಿದಳು, "ಹತ್ತಲೆ ಆಗ್ತು ತಮಾ, ಇಳಿಯಲೆ ಆಗ್ತಿಲ್ಲೆ." ನಾನು ನಕ್ಕುಬಿಟ್ಟೆ. ಎಪ್ಪತ್ತು ದಾಟಿದವರಿಗೆ ಹತ್ತುವುದು ಕಷ್ಟ ಆಗಬೇಕು, ಇಳಿಯುವುದು ಎಂಥ ಕಷ್ಟ? ಮಂಡಿ ಸವೆದಿರಬೇಕು ಅಂದುಕೊಂಡು ಸುಮ್ಮನಾದೆ. ಆ ಒಂದು ಮಾತಿನಲ್ಲೇ ರೋಗದ ಗುರುತು ಇತ್ತು. ಅದು ಗೊತ್ತಾಗಿದ್ದು ಒಂದೂವರೆ ವರ್ಷ ಮತ್ತು ಎರಡು ಎಂಆರ್‌ಐ ಆದ ಮೇಲೆ.

ಮೆಟ್ಟಿಲು ಹತ್ತುವಾಗ ನಾವು ಮುಂದಕ್ಕೆ ಬಾಗುತ್ತೇವೆ, ಇಳಿಯುವಾಗ ತುಸು ಹಿಂದಕ್ಕೆ ವಾಲುತ್ತೇವೆ. ಬೆನ್ನುಮೂಳೆಯ ಒಳಗೆ ನರಗಳು ಹಾದುಹೋಗುವ ಒಂದು ಕೊಳವೆ ಇದೆ. ವಯಸ್ಸಾದಂತೆ ಮೂಳೆಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್, ತಗ್ಗಿ ಹಿಂದಕ್ಕೆ ಉಬ್ಬುತ್ತದೆ, ಹಿಂಬದಿಯ ಕೀಲುಗಳು ಊದಿಕೊಳ್ಳುತ್ತವೆ, ಮೂಳೆಗಳನ್ನು ಕಟ್ಟಿ ಹಿಡಿದಿರುವ ಒಳಪಟ್ಟಿ ದಪ್ಪವಾಗುತ್ತದೆ. ಮೂರೂ ಸೇರಿ ಕೊಳವೆ ಕಿರಿದಾಗುತ್ತದೆ. ಮುಂದೆ ಬಾಗಿದರೆ ಅದು ಸ್ವಲ್ಪ ಅಗಲವಾಗುತ್ತದೆ, ಹಿಂದೆ ವಾಲಿದರೆ ಇನ್ನಷ್ಟು ಬಿಗಿಯುತ್ತದೆ. ಡಾಕ್ಟರು ಇದಕ್ಕೆ ಲಂಬಾರ್ ಕೆನಾಲ್ ಸ್ಟೆನೋಸಿಸ್ ಅನ್ನುತ್ತಾರೆ. ಅರವತ್ತೈದು ದಾಟಿದವರಿಗೆ ಬೆನ್ನಿನ ಆಪರೇಷನ್ ಆಗುವುದಕ್ಕೆ ಅತಿ ದೊಡ್ಡ ಕಾರಣ ಇದೇ.

ಹಾಗಾಗಿ ಈ ನೋವಿಗೆ ಒಂದು ವಿಚಿತ್ರ ಸ್ವಭಾವ. ಒಲೆ ಮುಂದೆ ನಿಂತು ನಾಲ್ಕು ದೋಸೆ ಎರೆಯುವಷ್ಟರಲ್ಲಿ ತೊಡೆ, ಮೀನಖಂಡ ಭಾರವಾಗಿ ಜೋಮು ಹಿಡಿಯುತ್ತದೆ. ಅದೇ ಮನುಷ್ಯರು ಮೆಟ್ಟುಗತ್ತಿ ಮುಂದೆ ಬಾಗಿ ಕೂತು ಎರಡು ತಾಸು ಅಡಕೆ ಸುಲಿಯುತ್ತಾರೆ, ಏನೂ ಆಗುವುದಿಲ್ಲ. ಕರಾವಳಿಯಲ್ಲಿ ಮೀನು ಮಾರುವ ಹೆಂಗಸರದ್ದೂ ಇದೇ ಕಥೆ: ಬುಟ್ಟಿ ಮುಂದೆ ಕೂತಿರುವ ತನಕ ಆರಾಮ, ಎದ್ದು ಬಸ್‌ಸ್ಟ್ಯಾಂಡಿಗೆ ನಡೆದರೆ ಮಧ್ಯೆ ಎರಡು ಸಲ ಕಟ್ಟೆ ಹುಡುಕಬೇಕು. ಮನೆಯವರು ಇದನ್ನು ನೋಡಿ "ಕೆಲಸ ಅಂದ್ರೆ ಕಾಲು ನೋವು, ಕೂತು ಹರಟೋದಕ್ಕೆ ಏನೂ ಇಲ್ಲ" ಅನ್ನುವುದೂ ಉಂಟು. ಪಾಪ, ಅದೇ ಲಕ್ಷಣ. ಹತ್ತುವಾಗಲೇ ಜಾಸ್ತಿ ನೋವು ಬಂದು, ಕೂರದೆ ಸುಮ್ನೆ ನಿಂತರೂ ಕಡಿಮೆಯಾದರೆ ಅದು ಕಾಲಿನ ರಕ್ತನಾಳದ ತೊಂದರೆ ಇರಬಹುದು, ಮುಖ್ಯವಾಗಿ ಬೀಡಿ ಸೇದಿದವರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ. ಅದರ ದಾರಿಯೇ ಬೇರೆ.

ನಮ್ಮಲ್ಲಿ ಇದೆಲ್ಲಕ್ಕೂ ಒಂದೇ ಹೆಸರು. "ಬೆನ್ನಲ್ಲಿ ಗ್ಯಾಪ್ ಆಗಿದೆ." ಗ್ಯಾಪ್ ಅಂದರೆ ಏನು, ಎಲ್ಲಿ, ಯಾವ ನರಕ್ಕೆ ಎಂದು ಕೇಳುವವರಿಲ್ಲ. ಆ ಒಂದು ಶಬ್ದದಡಿ ಕಡಿಮೆ ಅಂದರೂ ಮೂರು ಬೇರೆ ಬೇರೆ ಕಾಯಿಲೆ ಅಡಗಿವೆ, ಮೂರಕ್ಕೂ ಆಪರೇಷನ್ನಿನ ಉತ್ತರ ಬೇರೆ.

ಮೊದಲನೆಯದು ಈಗ ಹೇಳಿದ ಸ್ಟೆನೋಸಿಸ್. ಎರಡನೆಯದು ಮೂಳೆ ಕುಸಿಯುವುದು. ಹೊಂಡ ಬಿದ್ದ ರಸ್ತೆಯಲ್ಲಿ ಬಸ್ಸಿನ ಹಿಂದಿನ ಸೀಟು, ಒಂದು ಎತ್ತಾಕು, ಅಷ್ಟೇ. ಅಥವಾ ಬಚ್ಚಲಿನಲ್ಲಿ ತುಂಬಿದ ಬಕೆಟ್ ಎತ್ತಿದ್ದು. ಮೂಳೆಯಲ್ಲಿ ಸುಣ್ಣ ಕಡಿಮೆಯಾಗಿ ಅದು ಒಣಗಿದ ಜೇನುಗೂಡಿನ ಹಾಗೆ ಆಗಿರುತ್ತದೆ, ಒತ್ತಡ ಬಿದ್ದ ಕೂಡಲೇ ಬೆನ್ನುಮೂಳೆಯ ಒಂದು ಬಿಲ್ಲೆ (ಡಿಸ್ಕ್ ಅಲ್ಲ, ಮೂಳೆಯೇ) ಚಪ್ಪಟೆಯಾಗುತ್ತದೆ. ಮುಟ್ಟಿನಿಂತ ಹೆಂಗಸರಲ್ಲಿ ಇದು ಜಾಸ್ತಿ. ತಮಾಷೆಯೆಂದರೆ ಇಂಥ ಮುರಿತಗಳಲ್ಲಿ ಸುಮಾರು ಮೂರರಲ್ಲಿ ಎರಡು ಡಾಕ್ಟರ ತನಕ ಹೋಗುವುದೇ ಇಲ್ಲ. ಅಜ್ಜಿ ಗಿಡ್ಡ ಆಗಿದ್ದಾಳೆ, ಸೀರೆ ನೆಲಕ್ಕೆ ಎಳೆಯುತ್ತಿದೆ, ಬೆನ್ನು ಬಾಗಿದೆ ಎಂದು ನಾವು ನೋಡುತ್ತಿರುತ್ತೇವೆ. ಅದೇ ಮುರಿತದ ಲೆಕ್ಕ. ಬಹಳಷ್ಟು ಮುರಿತಗಳು ಆರರಿಂದ ಹನ್ನೆರಡು ವಾರದಲ್ಲಿ ತಾವಾಗಿ ಕೂಡಿಕೊಳ್ಳುತ್ತವೆ. ಸೂಜಿಯಿಂದ ಸಿಮೆಂಟ್ ತುಂಬುವ ವರ್ಟೆಬ್ರೋಪ್ಲಾಸ್ಟಿ ಎಂಬ ಪದ್ಧತಿ ಒಂದು ಕಾಲದಲ್ಲಿ ಬಹಳ ಜೋರಾಗಿತ್ತು. 2009ರಲ್ಲಿ ಎರಡು ಪ್ರಯೋಗಗಳು ಅರ್ಧದಷ್ಟು ಜನರಿಗೆ ನಿಜವಾಗಿ ಸಿಮೆಂಟ್ ಹಾಕಿ, ಉಳಿದವರಿಗೆ ಹಾಕಿದ ಹಾಗೆ ನಟಿಸಿ ನೋಡಿದವು. ಎರಡೂ ಗುಂಪಿಗೆ ನೋವು ಒಂದೇ ಥರ ಇಳಿಯಿತು. 2016ರ ಇನ್ನೊಂದು ಪ್ರಯೋಗದಲ್ಲಿ, ಮುರಿದು ಆರು ವಾರ ಆಗಿರದ, ತೀರಾ ನೋವಿರುವವರಿಗೆ ಉಪಯೋಗ ಕಂಡಿತು. ಅಂದರೆ ಕೆಲವರಿಗೆ ಬೇಕು, ಎಲ್ಲರಿಗೂ ಅಲ್ಲ. ಆದರೆ ಒಂದು ಮಾತ್ರ ಎಲ್ಲರಿಗೂ ಬೇಕು, ಅದನ್ನೇ ಯಾರೂ ಬರೆದುಕೊಡುವುದಿಲ್ಲ: ಮುಂದಿನ ಬಿಲ್ಲೆ ಮುರಿಯದ ಹಾಗೆ ಮೂಳೆಗೆ ಔಷಧಿ. ಮೂಳೆಯ ಗಟ್ಟಿತನ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿ, ಡಿ ವಿಟಮಿನ್ ನೋಡಿ, ವರ್ಷಕ್ಕೊಮ್ಮೆ ಕೊಡುವ ಜೊಲೆಡ್ರೋನಿಕ್ ಆಸಿಡ್ ಡ್ರಿಪ್ಪೋ, ಆರು ತಿಂಗಳಿಗೊಮ್ಮೆ ಚುಚ್ಚುವ ಡೆನೊಸುಮ್ಯಾಬೋ ಕೇಳಿ ತಿಳಿದುಕೊಳ್ಳಿ. ಡೆನೊಸುಮ್ಯಾಬ್ ಶುರು ಮಾಡಿದರೆ ಮಧ್ಯದಲ್ಲಿ "ಈಗ ಹುಷಾರಿದ್ದಾಳಲ್ಲ" ಎಂದು ಬಿಡಬಾರದು. ದಿಢೀರ್ ಬಿಟ್ಟರೆ ಒಂದಾದ ಮೇಲೊಂದು ಬಿಲ್ಲೆ ಕುಸಿಯುವ ಅಪಾಯ ಇದೆ.

ಮೂರನೆಯದು ಕುತ್ತಿಗೆ. ಇದು ಕಳ್ಳ ಕಾಯಿಲೆ, ಎಷ್ಟೋ ಸಲ ನೋವೇ ಇರುವುದಿಲ್ಲ. ಕುತ್ತಿಗೆಯಲ್ಲಿ ಬೆನ್ನುಹುರಿಯೇ ಒತ್ತಿಕೊಂಡಾಗ ಬೆರಳಿನ ಚುರುಕು ಹೋಗುತ್ತದೆ. ಅಂಗಿ ಗುಂಡಿ ಹಾಕಲು ತಡ, ಕವಳ (ಎಲೆ ಅಡಕೆ) ಹಾಕುವಾಗ ಎಲೆಯ ನಾರು ತೆಗೆಯಲು ಆಗುವುದಿಲ್ಲ, ಸುಣ್ಣ ಎಲೆ ಬಿಟ್ಟು ಬೆರಳಿಗೇ ಮೆತ್ತುತ್ತದೆ, ನಡೆಯುವಾಗ ಕುಡಿದವರ ಹಾಗೆ ವಾಲಾಟ. ಮನೆಯವರು "ವಯಸ್ಸು" ಅನ್ನುತ್ತಾರೆ. ಇಲ್ಲಿ ಆಪರೇಷನ್ ನೋವಿಗಾಗಿ ಅಲ್ಲ, ಇನ್ನೂ ಹಾಳಾಗದಿರಲಿ ಎಂದು. ಹೋದ ಶಕ್ತಿ ಪೂರ್ತಿ ಬರುತ್ತದೆಂಬ ಭರವಸೆ ಇಲ್ಲ, ಆದ್ದರಿಂದ ಕಾಯುವುದರಲ್ಲಿ ಅರ್ಥ ಕಡಿಮೆ. ಸೊಂಟದ ಸ್ಟೆನೋಸಿಸ್‌ನಲ್ಲಿ ಉಲ್ಟಾ: ಆರು ತಿಂಗಳು ಕಾದರೆ ಸಾಮಾನ್ಯವಾಗಿ ಆಕಾಶ ಬೀಳುವುದಿಲ್ಲ.

ಈಗ ಎಂಆರ್‌ಐ ವಿಷಯ. ನಮ್ಮ ಉತ್ತರ ಕನ್ನಡ ಜಿಲ್ಲೆಯವರು ಹುಬ್ಬಳ್ಳಿ, ಮಣಿಪಾಲ, ಮಂಗಳೂರು, ಕಾರವಾರ ಕಡೆಯವರಾದರೆ ಗೋವಾದ ಬಾಂಬೋಳಿ ಎಂದು ಹೊರಡುವಾಗ ಮಗ ಬೆಂಗಳೂರಿನಿಂದ ಎರಡು ದಿನ ರಜೆ ಹಾಕಿ ಬಂದಿರುತ್ತಾನೆ. ಬಂದ ಮೇಲೆ ಬರಿಗೈಯಲ್ಲಿ ಹೋಗಲಾಗುತ್ತದೆಯೇ? ಎಂಆರ್‌ಐ ಆಗುತ್ತದೆ. ರಿಪೋರ್ಟಿನಲ್ಲಿ ಒಂದು ಪುಟ ತುಂಬ ಬಲ್ಜ್, ಡೀಜನರೇಶನ್, ಕಂಪ್ರೆಶನ್. ಓದಿದ ಮಗನಿಗೇ ಬೆನ್ನು ನೋವು ಶುರುವಾಗಬೇಕು. ಬೆನ್ನು ನೋವೇ ಇಲ್ಲದವರ ಸ್ಕ್ಯಾನುಗಳನ್ನು ಒಟ್ಟು ಹಾಕಿ 2015ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ ಇದೆ. ಎಂಬತ್ತರ ಆಸುಪಾಸಿನವರಲ್ಲಿ ಡಿಸ್ಕ್ ಸವೆತ ಕಂಡಿದ್ದು 100ಕ್ಕೆ 96 ಜನರಲ್ಲಿ, ಡಿಸ್ಕ್ ಉಬ್ಬಿದ್ದು 84 ಜನರಲ್ಲಿ. ಇಪ್ಪತ್ತರ ಹುಡುಗರಲ್ಲೂ 37 ಮಂದಿಗೆ ಸವೆತ ಇತ್ತು. ಕೂದಲು ಬೆಳ್ಳಗಾದ ಹಾಗೆ ಇದು. ಫಿಲ್ಮ್ ನೋಡಿ ಆಪರೇಷನ್ ನಿರ್ಧಾರ ಮಾಡಬಾರದು. ಎಷ್ಟು ದೂರ ನಡೆಯುತ್ತಾರೆ, ಎಷ್ಟು ಹೊತ್ತು ನಿಲ್ಲುತ್ತಾರೆ, ಯಾವ ಕಾಲಿನ ಯಾವ ಬೆರಳು ಸೋತಿದೆ, ಅದು ಫಿಲ್ಮಿನ ಜಾಗಕ್ಕೆ ಹೊಂದುತ್ತದೆಯೇ, ಇದೇ ಮುಖ್ಯ. ನಾನು ಆಯಿಯನ್ನು ಕರೆದುಕೊಂಡು ಹೋದ ಮೊದಲ ಜಾಗದಲ್ಲಿ ಅವಳನ್ನು ನಡೆಸಿ ನೋಡಲಿಲ್ಲ. ಚಪ್ಪಲಿ ಬಿಚ್ಚಿ ಕಾಲು ಸಹ ಮುಟ್ಟಲಿಲ್ಲ. ಫಿಲ್ಮ್ ಬೆಳಕಿಗೆ ಹಿಡಿದು, "ಎರಡು ಲೆವೆಲ್, ಸ್ಕ್ರೂ ಹಾಕಬೇಕು, ಇಲ್ಲದಿದ್ದರೆ ಹಾಸಿಗೆ ಹಿಡೀತಾರೆ" ಅಂದರು. ಲೆವೆಲ್ ಅಂದರೆ ಎರಡು ಬಿಲ್ಲೆ ಸೇರುವ ಜಾಗ. ಹತ್ತು ನಿಮಿಷ ಆಗಿರಲಿಲ್ಲ. ಆಯಿ ಆ ವಾರ ನಿದ್ದೆ ಮಾಡಲಿಲ್ಲ.

ಆಪರೇಷನ್ ಬೇಕೇ ಬೇಡವೇ ಎಂಬಲ್ಲಿಗೆ ನಮ್ಮ ವಾದ ನಿಂತುಬಿಡುತ್ತದೆ. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡ ಪ್ರಶ್ನೆ, ಯಾವ ಆಪರೇಷನ್? ಒಂದು, ಕೊಳವೆಯನ್ನು ಬರೀ ಬಿಡಿಸುವುದು, ಅಂದರೆ ಒತ್ತುತ್ತಿರುವ ಮೂಳೆ ಮತ್ತು ಪಟ್ಟಿಯನ್ನು ಕೆರೆದು ನರಕ್ಕೆ ಜಾಗ ಮಾಡುವುದು. ಡಿಕಂಪ್ರೆಶನ್. ಇನ್ನೊಂದು, ಬಿಡಿಸಿದ ಮೇಲೆ ಸ್ಕ್ರೂ, ರಾಡ್ ಹಾಕಿ ಎರಡು ಬಿಲ್ಲೆಯನ್ನು ಬೆಸೆಯುವುದು. ಫ್ಯೂಷನ್. ಎರಡನೆಯದಕ್ಕೆ ಸಮಯ, ರಕ್ತ, ಖರ್ಚು ಎಲ್ಲ ಜಾಸ್ತಿ. ಅಮೆರಿಕದಲ್ಲಿ ವಯಸ್ಸಾದವರಿಗಿರುವ ಸರ್ಕಾರಿ ವಿಮೆ ಮೆಡಿಕೇರ್‌ನ ಲೆಕ್ಕದಲ್ಲಿ 2002ರಿಂದ 2007ರ ನಡುವೆ ಸ್ಟೆನೋಸಿಸ್‌ಗೆ ಮಾಡುವ ಸಂಕೀರ್ಣ ಫ್ಯೂಷನ್ 15 ಪಟ್ಟು ಏರಿತು. ಜೀವಕ್ಕೆ ಅಪಾಯ ತರುವ ತೊಂದರೆಗಳು ಬರೀ ಬಿಡಿಸಿದವರಲ್ಲಿ ಶೇ. 2.3 ಇದ್ದರೆ, ಸಂಕೀರ್ಣ ಫ್ಯೂಷನ್ ಆದವರಲ್ಲಿ ಶೇ. 5.6. ಐದು ವರ್ಷದಲ್ಲಿ ಮುದುಕರ ಬೆನ್ನು ಹದಿನೈದು ಪಟ್ಟು ಕೆಟ್ಟಿರಲು ಸಾಧ್ಯವಿಲ್ಲ, ಅಲ್ವಾ?

ಸ್ವೀಡನ್ನಿನವರು ಇದನ್ನು ಸರಿಯಾಗಿ ಪರೀಕ್ಷೆ ಮಾಡಿದರು. 50ರಿಂದ 80 ವರ್ಷದ 247 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ ಒಂದಕ್ಕೆ ಬಿಡಿಸುವುದು ಮಾತ್ರ, ಇನ್ನೊಂದಕ್ಕೆ ಬೆಸುಗೆಯೂ ಸೇರಿ. 2016ರಲ್ಲಿ ಫಲಿತಾಂಶ ಬಂತು. ಎರಡು ವರ್ಷದ ನಂತರ ಆರು ನಿಮಿಷದಲ್ಲಿ ಬೆಸುಗೆಯವರು 397 ಮೀಟರ್ ನಡೆದರು, ಬೆಸುಗೆ ಇಲ್ಲದವರು 405. ಬಿಲ್ಲೆ ಮುಂದಕ್ಕೆ ಜಾರಿದವರಿಗಾದರೂ ಸ್ಕ್ರೂ ಬೇಕೇ ಬೇಕು ಎಂಬ ನಂಬಿಕೆ ಇತ್ತು. ಅದನ್ನು ನಾರ್ವೆಯವರು 267 ಜನರಲ್ಲಿ ನೋಡಿದರು, 2021ರಲ್ಲಿ ಬರೆದರು: ಎರಡು ವರ್ಷಕ್ಕೆ ಹೆಚ್ಚುಕಡಿಮೆ ಒಂದೇ. ಮತ್ತೊಮ್ಮೆ ಆಪರೇಷನ್ ಬೇಕಾದವರು ಬರೀ ಬಿಡಿಸಿದ ಗುಂಪಿನಲ್ಲಿ ಸ್ವಲ್ಪ ಜಾಸ್ತಿ, 100ಕ್ಕೆ ಹನ್ನೆರಡು-ಹದಿಮೂರು, ಬೆಸೆದವರಲ್ಲಿ ಒಂಬತ್ತು. ಅಮೆರಿಕದ 66 ಜನರ ಒಂದು ಸಣ್ಣ ಅಧ್ಯಯನ ಮಾತ್ರ ಜಾರಿದವರಿಗೆ ಬೆಸುಗೆ ತುಸು ಮೇಲು ಎಂದಿದೆ. ಹಾಗಾಗಿ ಸ್ಕ್ರೂ ಅಂದ ಕೂಡಲೇ ಮೋಸ ಎನ್ನಬೇಡಿ. ಬಿಲ್ಲೆ ಅಲುಗಾಡುತ್ತಿದ್ದರೆ, ಬೆನ್ನು ಪಕ್ಕಕ್ಕೆ ಡೊಂಕಾಗಿದ್ದರೆ, ಬಿಡಿಸುವಾಗ ಬಹಳ ಮೂಳೆ ತೆಗೆಯಲೇಬೇಕಿದ್ದರೆ ಅದು ಬೇಕಾಗುತ್ತದೆ. ಆದರೆ "ಯಾಕೆ" ಎಂದು ಕೇಳಿದರೆ ಡಾಕ್ಟರು ಹೇಳಬೇಕು. ಬಾಗಿ ಒಂದು, ಹಿಂದೆ ವಾಲಿ ಒಂದು ಎಕ್ಸ್‌ರೇ ತೆಗೆದು ತೋರಿಸಬಹುದು, ಅದಕ್ಕೆ ಕೆಲವು ನೂರು ರೂಪಾಯಿ ಸಾಕು. ಸುಣ್ಣ ಹೋದ ಮೂಳೆಯಲ್ಲಿ ಸ್ಕ್ರೂ ನಿಲ್ಲುವುದೂ ಕಷ್ಟ, ಗೆದ್ದಲು ಹಿಡಿದ ಪಕಾಸಿಗೆ ಮೊಳೆ ಹೊಡೆದ ಹಾಗೆ. ಮೂಳೆಯ ಗಟ್ಟಿತನ ನೋಡದೆ ಸ್ಕ್ರೂ ಹಾಕಲು ಹೊರಟರೆ ಅಲ್ಲೇ ಅನುಮಾನ ಪಡಿ.

ಆಪರೇಷನ್ ಮಾಡಿಸದಿದ್ದರೆ? 2015ರ ಒಂದು ಅಮೆರಿಕನ್ ಪ್ರಯೋಗದಲ್ಲಿ ಆಪರೇಷನ್ನಿಗೆ ಒಪ್ಪಿದ್ದ 169 ಜನರಲ್ಲಿ ಅರ್ಧ ಜನರಿಗೆ ಮೊದಲು ಫಿಸಿಯೋಥೆರಪಿ ಕೊಟ್ಟರು. ಎರಡು ವರ್ಷಕ್ಕೆ ಎರಡೂ ಗುಂಪು ಸಮ. ಆದರೆ ಫಿಸಿಯೋ ಗುಂಪಿನ ಶೇ. 57 ಜನ ಮಧ್ಯದಲ್ಲಿ ಆಪರೇಷನ್ ಮಾಡಿಸಿಕೊಂಡರು ಎಂಬುದನ್ನೂ ಹೇಳಬೇಕು. ಬೆನ್ನಿಗೆ ಚುಚ್ಚುವ ಸ್ಟಿರಾಯ್ಡ್ ಇಂಜೆಕ್ಷನ್ ಬಗ್ಗೆ 400 ಜನರ ಪ್ರಯೋಗ 2014ರಲ್ಲಿ ಬಂತು: ಬರೀ ಮರಗಟ್ಟಿಸುವ ಔಷಧಿಗಿಂತ ಸ್ಟಿರಾಯ್ಡ್ ಸೇರಿದ್ದು ಆರು ವಾರಕ್ಕೆ ಹೇಳಿಕೊಳ್ಳುವಂಥ ಹೆಚ್ಚುವರಿ ಲಾಭ ಕೊಡಲಿಲ್ಲ. ಮಾತ್ರೆಗಳದ್ದು ಇನ್ನೊಂದು ಕಥೆ. ಮೆಡಿಕಲ್ ಶಾಪಿನಲ್ಲಿ "ಬೆನ್ನು ನೋವಿಗೆ" ಅಂದರೆ ಕೈಗೆ ಬರುವ ಡೈಕ್ಲೋಫಿನಾಕ್, ಅಸಿಕ್ಲೋಫಿನಾಕ್ ತಿಂಗಳುಗಟ್ಟಲೆ ತಿಂದರೆ ಎಪ್ಪತ್ತರ ಕಿಡ್ನಿ, ಹೊಟ್ಟೆ ತಡೆಯುವುದಿಲ್ಲ. ನರದ ಮಾತ್ರೆ ಎಂದು ಕೊಡುವ ಪ್ರೀಗ್ಯಾಬಲಿನ್ ಕೆಲವರಿಗೆ ತೂಕಡಿಕೆ, ತಲೆ ಸುತ್ತು ತರುತ್ತದೆ. ರಾತ್ರಿ ಬಚ್ಚಲಿಗೆ ಹೋಗುವಾಗ ಬಿದ್ದು ಸೊಂಟ ಮುರಿದುಕೊಂಡರೆ ನೋವಿನ ಮಾತ್ರೆಯೇ ನೋವು ತಂದ ಹಾಗಾಯಿತು. ಎಣ್ಣೆ ತಿಕ್ಕಿ ಬಿಸಿನೀರು ಹುಯ್ಯುವುದಕ್ಕೆ ನನ್ನ ತಕರಾರಿಲ್ಲ, ಹಾಯೆನಿಸುತ್ತದೆ. ಆದರೆ ಬೆನ್ನು ಮೆಟ್ಟುವುದು, ಕುತ್ತಿಗೆ ಲಟಕ್ ಅನ್ನಿಸುವುದು ಈ ವಯಸ್ಸಿಗೆ ಬೇಡವೇ ಬೇಡ.

ಎರಡನೆಯ ಡಾಕ್ಟರು ಆಯಿಯನ್ನು ಓಣಿಯಲ್ಲಿ ನಡೆಸಿದರು. ಗೋಡೆ ಹಿಡಿಯದೆ ಎಷ್ಟು ದೂರ ಎಂದು ತಾವೂ ಜೊತೆಗೆ ನಡೆದರು. ಆಮೇಲೆ ಕೇಳಿದ ಪ್ರಶ್ನೆ ನನಗೆ ಇವತ್ತಿಗೂ ನೆನಪಿದೆ: "ಅಮ್ಮ, ನಿಮಗೆ ಏನು ಮಾಡೋಕೆ ಆಗ್ಬೇಕು?" ಆಯಿ ತಡಮಾಡದೆ "ತೋಟಕ್ಕೆ ಇಳಿಯವು" (ಇಳಿಯಬೇಕು) ಅಂದಳು. ಅವರು ಒಂದೇ ಲೆವೆಲ್ ಬಿಡಿಸಿದರೆ ಸಾಕು, ಸ್ಕ್ರೂ ಬೇಡ ಅಂದರು. ಇನ್ನೊಂದು ಮಾತನ್ನೂ ಮೊದಲೇ ಹೇಳಿದರು, ಕಾಲಿನ ಜೋಮು, ಭಾರ ಹೋಗುವ ಸಾಧ್ಯತೆ ಚೆನ್ನಾಗಿದೆ, ಸೊಂಟ ನೋವು ಹೋಗುತ್ತದೆ ಎಂದು ಲೆಕ್ಕ ಹಾಕಬೇಡಿ.

ವಯಸ್ಸು ಎಷ್ಟು ಎಂಬುದಕ್ಕಿಂತ ಮೈಯ ಕಸುವು ಎಷ್ಟು ಎಂಬುದು ಮುಖ್ಯ. ಕುರ್ಚಿಯಿಂದ ಕೈ ಊರದೆ ಏಳುವ ಎಂಬತ್ತರವರು, ಊಟ ಬಿಟ್ಟು ಒಣಗಿರುವ ಅರವತ್ತೈದರವರಿಗಿಂತ ಆಪರೇಷನ್ ಚೆನ್ನಾಗಿ ತಾಳುತ್ತಾರೆ. ಸಕ್ಕರೆ ಹತೋಟಿಗೆ ಬರಬೇಕು, ರಕ್ತ ತೆಳುವಾಗುವ ಮಾತ್ರೆಯನ್ನು ಹೃದಯದ ಡಾಕ್ಟರನ್ನು ಕೇಳಿಯೇ ನಿಲ್ಲಿಸಬೇಕು, ರಕ್ತಹೀನತೆ ಇದ್ದರೆ ಮೊದಲು ಅದು. ನಮಗೆ ಯಾರೂ ಹೇಳದೇ ಇದ್ದದ್ದು ರಾತ್ರಿಯ ಗೊಂದಲ. ಆಪರೇಷನ್ನಿನ ಎರಡನೇ ರಾತ್ರಿ ಆಯಿ ಎದ್ದು ಕೂತು "ಕೊಟ್ಟಿಗೆ ಬಾಗಿಲು ಹಾಕಿದ್ಯನ ತಮಾ?" ಎಂದು ಕೇಳಿದಳು. ನಾವು ಆಕಳು ಮಾರಿ ಆರು ವರ್ಷ. ಡ್ರಿಪ್ಪಿನ ಸೂಜಿ ಕೀಳಲು ಹೊರಟಳು. ನಾನು ತಲೆ ಕೆಟ್ಟಿತು ಎಂದುಕೊಂಡು ಹೆದರಿದೆ. ವಯಸ್ಸಾದವರಲ್ಲಿ ದೊಡ್ಡ ಆಪರೇಷನ್ ನಂತರ ಇದು ಸಾಮಾನ್ಯವಂತೆ, ಡೆಲಿರಿಯಂ ಅನ್ನುತ್ತಾರೆ. ಕನ್ನಡಕ, ಕಿವಿಯ ಯಂತ್ರ ಕೈಗೆ ಸಿಗುವಂತಿರಬೇಕು, ಹಗಲು ಬೆಳಕು ಬೇಕು, ತಮ್ಮ ಮನೆಮಾತಿನಲ್ಲಿ ಮಾತಾಡುವವರು ಪಕ್ಕದಲ್ಲಿರಬೇಕು. ನಾನು ಅವಳ ಮಾತಿನಲ್ಲೇ "ಹಾಕಿದ್ದಿ, ಮನಿಕ್ಯ" (ಹಾಕಿದ್ದೇನೆ, ಮಲಗು) ಅಂದೆ. ಮಲಗಿದಳು. ಮೂರನೇ ದಿನಕ್ಕೆ ಸರಿಹೋಯಿತು.

ಇನ್ನು ಆಸ್ಪತ್ರೆಯ ದೂರ. 2022ರ ಜುಲೈನಲ್ಲಿ ಹೊನ್ನಾವರದಿಂದ ಉಡುಪಿಯತ್ತ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಹತ್ತಿರದ ಶಿರೂರು ಟೋಲಿನಲ್ಲಿ ಬಡಿದು ನಾಲ್ವರು ತೀರಿಕೊಂಡರು. ಆಗ ಜಿಲ್ಲೆಯ ತುಂಬ ಎದ್ದ ಕೂಗು, ನಮಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು. 2024ರ ಜುಲೈನಲ್ಲಿ ಇನ್ನೊಂದು ಶಿರೂರು, ಅಂಕೋಲೆಯದ್ದು, ಗುಡ್ಡ ಕುಸಿದು ಹೆದ್ದಾರಿಯೇ ದಿನಗಟ್ಟಲೆ ಬಂದ್. ಶಿರಸಿಯಿಂದ ಹುಬ್ಬಳ್ಳಿ ಸುಮಾರು ನೂರು ಕಿಲೋಮೀಟರ್, ಕುಮಟೆಗೆ ಇಳಿಯಲು ದೇವಿಮನೆ ಘಟ್ಟ. ಕಾರವಾರದಲ್ಲಿ ಮೆಡಿಕಲ್ ಕಾಲೇಜು ಇದೆ, ಆದರೂ ಬೆನ್ನು ಎಂದರೆ ಜನ ಗಂಟು ಕಟ್ಟುವುದು ಜಿಲ್ಲೆಯ ಹೊರಕ್ಕೇ. ಬೆನ್ನಿನ ಮಟ್ಟಿಗೆ ಈ ದೂರ ನಿಜವಾಗಿ ಕೊಲ್ಲುವುದು ತುರ್ತಿನಲ್ಲಿ. ಇದ್ದಕ್ಕಿದ್ದಂತೆ ಮೂತ್ರ ಕಟ್ಟಿದರೆ, ಅಥವಾ ಗೊತ್ತಾಗದೆ ಹೋದರೆ, ಕೂರುವ ಜಾಗದಲ್ಲಿ ಸ್ಪರ್ಶ ಇಲ್ಲದಿದ್ದರೆ, ಎರಡೂ ಕಾಲು ಸೋಲುತ್ತಿದ್ದರೆ, ಆಗ ಗಂಟೆಗಳ ಲೆಕ್ಕ. 48 ಗಂಟೆ ಮೀರಿದರೆ ಬಹಳ ತಡ. "ನಾಳೆ ಸೋಮವಾರ ಹೋಗೋಣ" ಎನ್ನುವ ಕಾಯಿಲೆ ಅಲ್ಲ ಅದು. ಬೆನ್ನು ನೋವಿನ ಜೊತೆ ಸಂಜೆ ಜ್ವರ, ತೂಕ ಇಳಿತ ಇದ್ದರೆ ಟಿಬಿ ಇರಬಹುದು, ಹಿಂದೆ ಕ್ಯಾನ್ಸರ್ ಆದವರಾದರೆ ಅದನ್ನೂ ನೋಡಬೇಕು.

ಆದರೆ ನನಗನ್ನಿಸುವುದು, ಉಳಿದ ಬಹುಪಾಲು ಬೆನ್ನುಗಳಿಗೆ ಬೇಕಿರುವುದು ದೊಡ್ಡ ಕಟ್ಟಡ ಅಲ್ಲ. ತಾಲೂಕಿನಲ್ಲಿ ಒಬ್ಬ ಒಳ್ಳೆ ಫಿಸಿಯೋ, ಒಂದು ಡೆಕ್ಸಾ ಯಂತ್ರ, ಕಾಲು ಮುಟ್ಟಿ ನೋಡುವ ಡಾಕ್ಟರು. ಆಪರೇಷನ್ ಮಣಿಪಾಲದಲ್ಲೋ ಹುಬ್ಬಳ್ಳಿಯಲ್ಲೋ ಆಗಲಿ, ಅದರ ನಂತರದ ಆರು ವಾರ ಇಲ್ಲೇ ಆಗಬೇಕಲ್ಲ? ಊರಿನ ಮನೆಗಳಲ್ಲಿ ಈಗ ಇಬ್ಬರೇ, ಎಪ್ಪತ್ತೆಂಟರ ಗಂಡ, ಎಪ್ಪತ್ನಾಲ್ಕರ ಹೆಂಡತಿ. ಯಾರು ಯಾರನ್ನು ಬಚ್ಚಲಿಗೆ ಕರೆದೊಯ್ಯುವುದು? ಆಪರೇಷನ್ನಿನ ಖರ್ಚು ಕೇಳಿದವರು ಈ ಖರ್ಚನ್ನು ಕೇಳುವುದೇ ಇಲ್ಲ.

ದುಡ್ಡಿನ ವಿಷಯ ಬೇಗ ಹೇಳಿಬಿಡುತ್ತೇನೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30, ಗರಿಷ್ಠ ಒಂದೂವರೆ ಲಕ್ಷ. ತುರ್ತು ಅಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಅದನ್ನು ಮರೆತು ಹೊರಟು, ಅಲ್ಲಿಂದ ವಾಪಸ್ ಬಂದವರು ಇದ್ದಾರೆ. ಎಪ್ಪತ್ತು ದಾಟಿದ ಎಲ್ಲರಿಗೂ ಎಂದು ಕೇಂದ್ರ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ಬೇರೆ ಕಾರ್ಡ್ ಶುರು ಮಾಡಿದೆ. ಹೋಗುವ ಆಸ್ಪತ್ರೆಯಲ್ಲಿ ಈ ಯೋಜನೆಯ ಸಹಾಯಕ್ಕಿರುವ ಆರೋಗ್ಯಮಿತ್ರರಿಗೆ ಮೊದಲೇ ಫೋನ್ ಮಾಡಿ, ಯಾವ ಕಾರ್ಡ್ ನಡೆಯುತ್ತದೆ, ಯಾವ ಪ್ಯಾಕೇಜ್, ಸ್ಕ್ರೂ ಅದರೊಳಗೆ ಬರುತ್ತದೆಯೇ ಎಂದು ಕೇಳಿಕೊಳ್ಳಿ.

ಆಯಿಯ ಆಪರೇಷನ್ ಆಗಿ ವರ್ಷದ ಮೇಲಾಯಿತು. ಮಾರನೇ ದಿನವೇ ನಡೆಸಿದರು. ಹೊಲಿಗೆ ಬಿಚ್ಚಿದ್ದು ಶಿರಸಿಯಲ್ಲೇ. ಮೊದಲ ತಿಂಗಳು ನಾನು ಮನೆಯಿಂದಲೇ ಆಫೀಸಿನ ಕೆಲಸ ಮಾಡಿದೆ, ಎರಡನೇ ತಿಂಗಳು ಅತ್ತಿಗೆ ಬಂದು ನಿಂತರು. ಕಾಲಿನ ಜೋಮು ಹೋಗಿದೆ. ಸೊಂಟ ನೋವು ಡಾಕ್ಟರು ಹೇಳಿದ ಹಾಗೇ ಅಲ್ಲೇ ಇದೆ, ಬೆಳಿಗ್ಗೆ ಎದ್ದ ಕೂಡಲೇ ಜಾಸ್ತಿ. ಡೆಕ್ಸಾದಲ್ಲಿ ಮೂಳೆ ಸೋತಿರುವುದು ಗೊತ್ತಾಗಿ ಈಗ ವರ್ಷಕ್ಕೊಂದು ಡ್ರಿಪ್. ತೋಟದ ಮೆಟ್ಟಿಲಿಗೆ ಒಂದು ಬದಿ ಪೈಪಿನ ಕಟಕಟೆ ಹಾಕಿಸಿದ್ದೇವೆ. ಅದನ್ನು ಹಿಡಿದುಕೊಳ್ಳದೆ ಇಳಿಯುತ್ತಾಳೆ, ಬೈದರೆ ಹಿಡಿದ ಹಾಗೆ ಮಾಡುತ್ತಾಳೆ.